ಬ್ರಾಡಕ್‌ನ ಮೇಯರ್ ಆಗಿದ್ದ ಅನುಭವ ಸೆನೆಟರ್ ಫೆಟರ್‌ಮನ್ ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬಂದಿದೆಯೇ?

ಪ್ರಶ್ನೆ

ಅಮೆರಿಕದ ಪೆನ್ಸಿಲ್ವೇನಿಯಾದ ಸೆನೆಟರ್ ಜಾನ್ ಫೆಟರ್‌ಮನ್ ಅವರು 2006ರಿಂದ 2019ರ ಆರಂಭದವರೆಗೆ ಪಿಟ್ಸ್‌ಬರ್ಗ್ ಸಮೀಪದ ಬ್ರಾಡಕ್ ಎಂಬ ಊರಿನ ಮೇಯರ್ ಆಗಿದ್ದರು. 2010ರ ಜನಗಣತಿಯಂತೆ ಆ ಊರಿನ ಜನಸಂಖ್ಯೆ 2,159. ಕರ್ನಾಟಕದಲ್ಲಾದರೆ ಇಷ್ಟು ಜನರಿರುವ ಊರಿಗೆ ಪಟ್ಟಣ ಪಂಚಾಯಿತಿಯ ಸ್ಥಾನವೂ ದೊರೆಯುವುದಿಲ್ಲ. ನಮ್ಮಲ್ಲಿ ಪುರಸಭೆಯ ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ, ಆ ಚುನಾವಣೆಯಲ್ಲಿ ಶಾಸಕರು ಮತ್ತು ಸಂಸದರು ಕೂಡ ಮತ ಹಾಕುತ್ತಾರೆ. ಹೀಗಾಗಿ ಅಧ್ಯಕ್ಷರ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಬ್ರಾಡಕ್‌ನಲ್ಲಿ ಮೇಯರ್‌ಗೆ ಯಾವ ಅಧಿಕಾರಗಳಿದ್ದವು, ಅಲ್ಲಿ ಕಲಿತದ್ದು ನೂರು ಜನರ ಸೆನೆಟ್‌ನಲ್ಲಿ ಹೇಗೆ ಕೆಲಸಕ್ಕೆ ಬಂದಿದೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1

ಪೆನ್ಸಿಲ್ವೇನಿಯಾದಲ್ಲಿ ಬ್ರಾಡಕ್‌ನಂತಹ ಊರುಗಳನ್ನು ‘ಬರೋ’ ಎನ್ನುತ್ತಾರೆ. ಅಲ್ಲಿ ಮೇಯರ್ ನೇರವಾಗಿ ಜನರಿಂದ ಆರಿಸಿಬಂದರೂ ತೆರಿಗೆ, ಆಯವ್ಯಯ, ನೇಮಕಾತಿಗಳೆಲ್ಲ ಕೌನ್ಸಿಲ್‌ನ ಕೈಯಲ್ಲಿರುತ್ತವೆ. ಪೊಲೀಸರ ಮೇಲ್ವಿಚಾರಣೆ, ಮತಗಳು ಸಮನಾದಾಗ ನಿರ್ಣಾಯಕ ಮತ, ಕೌನ್ಸಿಲ್‌ನ ಕಟ್ಟಳೆಗಳನ್ನು ತಡೆಹಿಡಿಯುವ ಹಕ್ಕು ಇವಿಷ್ಟೇ ಮೇಯರ್‌ಗೆ ಉಳಿಯುವಂಥವು. ಅವರ ಸಂಬಳ ತಿಂಗಳಿಗೆ 150 ಡಾಲರ್ ಇತ್ತು. ಮನೆಯವರ ನೆರವಿಲ್ಲದಿದ್ದರೆ ಅವರು ಆ ಹುದ್ದೆಯಲ್ಲಿ ಹದಿಮೂರು ವರ್ಷ ನಿಲ್ಲುವುದು ಸಾಧ್ಯವಿರಲಿಲ್ಲ ಎಂಬುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 2005ರ ಡೆಮಾಕ್ರಟಿಕ್ ಪ್ರೈಮರಿಯನ್ನು, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯನ್ನು, ಅವರು ಗೆದ್ದದ್ದು ಒಂದೇ ಒಂದು ಮತದಿಂದ.

ಊರಿನ ಸ್ಥಿತಿಯನ್ನೂ ಗಮನಿಸಬೇಕು. 1875ರಲ್ಲಿ ಆರಂಭವಾದ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದ, ಆಂಡ್ರ್ಯೂ ಕಾರ್ನೆಗಿ ಅಮೆರಿಕದಲ್ಲಿ ತಮ್ಮ ಮೊದಲ ಗ್ರಂಥಾಲಯವನ್ನು ಕಟ್ಟಿಸಿದ, 1920ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಊರು ಅದು. ಉಕ್ಕಿನ ಉದ್ಯಮ ಕುಸಿದಾಗ ಹತ್ತರಲ್ಲಿ ಒಂಬತ್ತು ಪಾಲು ಜನ ಹೊರಟುಹೋದರು. ಅಧಿಕಾರವೂ ಹಣವೂ ಇಲ್ಲದ ಮೇಯರ್ ಇಂತಹ ಊರಿಗಾಗಿ ಮಾಡಬಹುದಾಗಿದ್ದ ದೊಡ್ಡ ಕೆಲಸವೆಂದರೆ ಹೊರಗಿನವರ ಗಮನವನ್ನು ಅದರ ಕಡೆಗೆ ಸೆಳೆಯುವುದು, ಮತ್ತು ಫೆಟರ್‌ಮನ್ ಅದನ್ನು ಚೆನ್ನಾಗಿಯೇ ಮಾಡಿದರು. ಊರಿನ ಪಿನ್ ಕೋಡ್ ಆದ 15104 ಅನ್ನು ಒಂದು ತೋಳಿನ ಮೇಲೆ, ತಮ್ಮ ಅವಧಿಯಲ್ಲಿ ಅಲ್ಲಿ ನಡೆದ ಕೊಲೆಗಳ ದಿನಾಂಕಗಳನ್ನು ಇನ್ನೊಂದರ ಮೇಲೆ ಹಚ್ಚೆ ಹಾಕಿಸಿಕೊಂಡರು. 2010ರಲ್ಲಿ ಲೀವೈಸ್ ಕಂಪನಿ ಬ್ರಾಡಕ್ ಜನರನ್ನೇ ಇಟ್ಟುಕೊಂಡು ಜಾಹೀರಾತು ಮಾಡಿತು. ನನ್ನ ಅಭಿಪ್ರಾಯದಲ್ಲಿ ಅವರು ಸೆನೆಟ್‌ಗೆ ಒಯ್ದದ್ದು ಆಡಳಿತದ ಅನುಭವವನ್ನಲ್ಲ, ಈ ಗಮನ ಸೆಳೆಯುವ ಕಲೆಯನ್ನು.

ಉತ್ತರ 2

ಮೇಲಿನವರ ಮಾತು ಅರ್ಧ ಸರಿ. ಆದರೆ ಫೆಟರ್‌ಮನ್ ಮೇಯರ್ ಆಗುವ ಮೊದಲೇ, 2001ರಲ್ಲಿ, ಶಾಲೆ ಬಿಟ್ಟ ಯುವಕರಿಗೆ ಪ್ರೌಢಶಾಲೆಗೆ ಸಮಾನವಾದ ಪರೀಕ್ಷೆ ಕಟ್ಟಿಸುವ ಕೆಲಸಕ್ಕೆಂದು ಬ್ರಾಡಕ್‌ಗೆ ಬಂದವರು. 2010ರಲ್ಲಿ ಊರಿನ ಆಸ್ಪತ್ರೆಯನ್ನು ಮುಚ್ಚಿದಾಗ ಪ್ರತಿಭಟಿಸಿ ಸೋತರು. ಆ ಊರಿನ ಅತಿ ದೊಡ್ಡ ಉದ್ಯೋಗದಾತ ಸಂಸ್ಥೆಯೂ ಅದೇ ಆಗಿತ್ತು. ಇಂತಹ ಸೋಲುಗಳು ಒಬ್ಬ ಶಾಸನಕರ್ತನ ಮನಸ್ಸಿನಲ್ಲಿ ಉಳಿಯುವುದಿಲ್ಲ ಎಂದು ನಾನು ನಂಬಲಾರೆ. ರಾಜ್ಯದಲ್ಲಿ ಗವರ್ನರ್ ನಂತರದ ಹುದ್ದೆಯಾದ ಲೆಫ್ಟಿನೆಂಟ್ ಗವರ್ನರ್ ಆಗಿದ್ದಾಗ ಕ್ಷಮಾದಾನ ಮಂಡಳಿಯ ಅಧ್ಯಕ್ಷತೆಯೂ ಅವರದಾಗಿತ್ತು, ಮತ್ತು ದೀರ್ಘಕಾಲ ಸೆರೆಯಲ್ಲಿದ್ದವರ ಬಿಡುಗಡೆಗೆ ಅವರು ತೋರಿದ ಆಸಕ್ತಿ ಬ್ರಾಡಕ್‌ನ ಬೀದಿಗಳಲ್ಲಿ ಹುಟ್ಟಿದ್ದೆಂದು ಭಾವಿಸುವುದು ತಪ್ಪಾಗಲಾರದು.

ಅದೇ ಬೀದಿಗಳಲ್ಲಿ 2013ರಲ್ಲಿ, ಗುಂಡಿನ ಸದ್ದು ಕೇಳಿತೆಂದು ಹೇಳಿ, ಓಡುತ್ತಿದ್ದ ನಿರಾಯುಧ ಕಪ್ಪು ವರ್ಣೀಯ ವ್ಯಕ್ತಿಯೊಬ್ಬರನ್ನು ಅವರು ಬಂದೂಕು ಹಿಡಿದು ತಡೆದು ನಿಲ್ಲಿಸಿದ್ದರು. ಬಹುಪಾಲು ಕಪ್ಪು ವರ್ಣೀಯರೇ ಇರುವ ಊರಿನ ಮೇಯರ್ ಹಾಗೆ ಮಾಡಿದ್ದು 2022ರ ಸೆನೆಟ್ ಚುನಾವಣೆಯಲ್ಲಿಯೂ ಚರ್ಚೆಗೆ ಬಂತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸೆನೆಟ್‌ನಲ್ಲಿ ಅವರು ಮತ ಹಾಕುವ ರೀತಿಗೂ ಹಳೆಯ ಹುದ್ದೆಗೂ ಸಂಬಂಧವಿದೆಯೇ? 2025ರ ಶರತ್ಕಾಲದಲ್ಲಿ ಸರ್ಕಾರದ ಕಾರ್ಯಕಲಾಪ ಸ್ಥಗಿತಗೊಂಡಾಗ ಸ್ವಪಕ್ಷದವರನ್ನು ಬಿಟ್ಟು ರಿಪಬ್ಲಿಕನ್ನರ ಹಣಕಾಸು ಮಸೂದೆಗೆ ಅವರು ಮತ್ತೆ ಮತ್ತೆ ಬೆಂಬಲ ನೀಡಿದ್ದು ನನಗೆ ಅಚ್ಚರಿ ತಂದಿತ್ತು.

ಉತ್ತರ 3

ಸ್ಥಗಿತದಿಂದ ಬಡವರ ಆಹಾರ ನೆರವಿಗೆ ಧಕ್ಕೆಯಾಗುತ್ತದೆ ಎಂಬುದು ಅವರು ಆಗ ಕೊಟ್ಟ ಕಾರಣಗಳಲ್ಲಿ ಒಂದು, ಮತ್ತು ಬ್ರಾಡಕ್‌ನಲ್ಲಿ ಬಾಳಿದವರಿಗೆ ಆ ನೆರವಿನ ಬೆಲೆ ಅಂಕಿಅಂಶಗಳನ್ನು ನೋಡಿ ತಿಳಿಯಬೇಕಾದದ್ದಲ್ಲ. ಆದರೆ ಇಸ್ರೇಲ್ ಪರವಾದ ಅವರ ನಿಲುವಿಗಾಗಲಿ, ಟ್ರಂಪ್ ಅವರ ಅಟಾರ್ನಿ ಜನರಲ್ ಆಗಿ ಪ್ಯಾಮ್ ಬಾಂಡಿ ಅವರ ನೇಮಕಕ್ಕೆ ಮತ ಹಾಕಿದ ಏಕೈಕ ಡೆಮಾಕ್ರಟ್ ಆದದ್ದಕ್ಕಾಗಲಿ ಬ್ರಾಡಕ್‌ನಲ್ಲಿ ಬೇರು ಹುಡುಕುವುದು ವ್ಯರ್ಥ. ಮೇಯರ್ ಆಗಿದ್ದಾಗ ಕೌನ್ಸಿಲ್ ಸಭೆಗಳಿಗೆ ಬರುತ್ತಿರಲಿಲ್ಲ ಎಂಬ ದೂರು ಅವರ ಮೇಲಿತ್ತು, ಸೆನೆಟ್‌ನಲ್ಲಿ ಮತದಾನ ತಪ್ಪಿಸುತ್ತಾರೆ ಎಂಬ ದೂರು ಈಗಲೂ ಇದೆ. ಈ ಸಾಮ್ಯವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಆದರೂ 2022ರ ಪಾರ್ಶ್ವವಾಯುವಿನ ಬಳಿಕ ಅವರ ಆರೋಗ್ಯ ಮೊದಲಿನಂತಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಗಮನ ಸೆಳೆಯುವ ಕಲೆಯ ಬಗ್ಗೆ ಉತ್ತರ 1 ಬರೆದವರು ಹೇಳಿದ ಮಾತಿಗೆ ಸರಿಯಾದ ಪರೀಕ್ಷೆ ನಿಪ್ಪಾನ್ ಸ್ಟೀಲ್ ಪ್ರಕರಣ. 2023ರ ಡಿಸೆಂಬರ್‌ನಲ್ಲಿ ಆ ಜಪಾನಿ ಕಂಪನಿ ಯು.ಎಸ್. ಸ್ಟೀಲ್ ಅನ್ನು ಕೊಳ್ಳುವುದಾಗಿ ಘೋಷಿಸಿದಾಗ, ಅದರ ಒಡೆತನದ ಎಡ್ಗರ್ ಥಾಮ್ಸನ್ ಕಾರ್ಖಾನೆಯ ಎದುರಿಗೇ ಇರುವ ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಫೆಟರ್‌ಮನ್ ಅದನ್ನು ವಿರೋಧಿಸಿದರು. ಆದರೆ ಅದು ಸೆನೆಟ್ ಮತಕ್ಕೆ ಬರುವ ವಿಷಯವಾಗಿರಲಿಲ್ಲ. ವಿದೇಶಿ ಹೂಡಿಕೆಯನ್ನು ಪರಿಶೀಲಿಸುವ ಸಮಿತಿ ಮತ್ತು ಅಧ್ಯಕ್ಷರೇ ತೀರ್ಮಾನಿಸಬೇಕಿತ್ತು. ಬೈಡನ್ 2025ರ ಜನವರಿಯಲ್ಲಿ ತಡೆದರು, ಟ್ರಂಪ್ ಷರತ್ತುಗಳೊಡನೆ ಒಪ್ಪಿದರು, ಜೂನ್‌ನಲ್ಲಿ ಖರೀದಿ ಪೂರ್ಣಗೊಂಡಿತು.