ಕರೆಂಟ್ ಇಲ್ಲದ ದಿನಕ್ಕೂ, ರಾತ್ರಿ ಬಸ್ಸಿಗೂ ಆಗುವ ಲ್ಯಾಪ್‌ಟಾಪ್ ಯಾವುದು? ಬಳಸಿದವರು ಹೇಳಿ

ತೋಟದಮನೆ (ಶಿರಸಿ ಕಡೆ)

ಎಲ್ಲರಿಗೂ ನಮಸ್ಕಾರ. ನನ್ನದು ಮನೆಯಿಂದಲೇ ಮಾಡುವ ಅನುವಾದದ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ತಂತಿಯ ಮೇಲೆ ಒಂದು ಟೊಂಗೆ ಬಿದ್ದರೆ ಸಾಕು, ಬೆಳಗ್ಗೆ ಹೋದ ಕರೆಂಟ್ ಬರುವುದು ಸಂಜೆಗೆ. ಇನ್ವರ್ಟರ್ ಇದೆ. ಆದರೆ ಅದು ದೀಪಕ್ಕೆ, ವೈಫೈಗೆ, ಅಪ್ಪನ ಟಿವಿಗೆ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ.

ಈಗಿರುವುದು ಕಾಲೇಜಿನಲ್ಲಿದ್ದಾಗ ತಮ್ಮನ ಮಾತು ಕೇಳಿ ತೆಗೆದುಕೊಂಡ ಗೇಮಿಂಗ್ ಲ್ಯಾಪ್‌ಟಾಪ್. ಎರಡೂವರೆ ಕಿಲೋ, ಚಾರ್ಜರ್ ಬೇರೆ ಇಟ್ಟಿಗೆಯಷ್ಟಿದೆ. ಬ್ಯಾಟರಿ ಒಂದೂವರೆ ಗಂಟೆಗೆ ಸುಸ್ತು. ನಾನು ಮಾಡುವುದು ವರ್ಡ್, ಕ್ರೋಮ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್, ವಾರಕ್ಕೆ ಮೂರು ವಿಡಿಯೊ ಮೀಟಿಂಗ್, ಕನ್ನಡ ಟೈಪಿಂಗ್. ಗೇಮ್ ಆಡುವುದಿಲ್ಲ. ಬಜೆಟ್ 70 ಸಾವಿರ.

ಜಾಹೀರಾತಿನಲ್ಲಿ 18 ಗಂಟೆ, 20 ಗಂಟೆ ಅಂತ ಹಾಕುತ್ತಾರೆ. ನಂಬಬಹುದಾ? ನಿಮ್ಮದು ನಿಜವಾಗಿ ಎಷ್ಟು ಹೊತ್ತು ಬರುತ್ತದೆ?


ಸ್ಕ್ರೂಡ್ರೈವರ್ (ಹಾಸನ, ಲ್ಯಾಪ್‌ಟಾಪ್ ರಿಪೇರಿ)

ಮೇಡಂ, ಮೊದಲು ಆ ಗಂಟೆ ಲೆಕ್ಕ ಬಿಡಿ. ಡಬ್ಬದ ಮೇಲಿನ ಗಂಟೆ ಸುಳ್ಳಲ್ಲ, ಆದರೆ ನಿಮ್ಮದಲ್ಲ. ಹೆಚ್ಚಾಗಿ ಒಳಗೇ ಇರುವ ಒಂದು ವಿಡಿಯೊವನ್ನು ಬೆಳಕು ತಗ್ಗಿಸಿ ಓಡಿಸಿ ಅಳೆದದ್ದು ಅದು. ವಿಡಿಯೊ ಓಡಿಸಲು ಚಿಪ್‌ನಲ್ಲಿ ಬೇರೆಯೇ ಒಂದು ಚಿಕ್ಕ ಭಾಗ ಇರುತ್ತದೆ. ಉಳಿದದ್ದೆಲ್ಲ ಹೆಚ್ಚುಕಮ್ಮಿ ನಿದ್ದೆಯಲ್ಲಿರುತ್ತದೆ. ಮೀಟಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಕ್ಯಾಮೆರಾ, ಮೈಕು, ವೈಫೈ, ಪರದೆ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ.

ನೋಡಬೇಕಾದ್ದು ವ್ಯಾಟ್ ಅವರ್. ಅದು ತೊಟ್ಟಿಯಲ್ಲಿರುವ ನೀರು ಅಂದುಕೊಳ್ಳಿ. ಲ್ಯಾಪ್‌ಟಾಪ್ ಎಳೆಯುವ ವ್ಯಾಟ್ ಅಂದರೆ ನಲ್ಲಿ ಎಷ್ಟು ತೆರೆದಿದೆ ಅನ್ನೋದು. 50 ವ್ಯಾಟ್ ಅವರ್ ಬ್ಯಾಟರಿ, 5 ವ್ಯಾಟ್ ಎಳೆದರೆ 10 ಗಂಟೆ. 10 ಎಳೆದರೆ 5 ಗಂಟೆ. ಜನ ತೊಟ್ಟಿ ಎಷ್ಟು ದೊಡ್ಡದು ಅಂತ ಮಾತ್ರ ಕೇಳುತ್ತಾರೆ, ನಲ್ಲಿ ಕೇಳುವುದಿಲ್ಲ. ನಿಮ್ಮ ಗೇಮಿಂಗ್ ಮಷಿನ್‌ನಲ್ಲಿ ತೊಟ್ಟಿ ಚಿಕ್ಕದೇನಲ್ಲ. ನಲ್ಲಿ ಮುಚ್ಚುವುದೇ ಇಲ್ಲ ಅಷ್ಟೇ. ಸುಮ್ನೆ ವರ್ಡ್ ತೆರೆದಿಟ್ಟರೂ ಆ ಗ್ರಾಫಿಕ್ಸ್ ಚಿಪ್ ಎಷ್ಟೋ ಸಲ ಎಚ್ಚರವಾಗಿಯೇ ಇರುತ್ತದೆ.

ನಲ್ಲಿಯ ಅಂದಾಜು ಸಿಗುವುದು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರದಲ್ಲಿ. ಇಂಟೆಲ್‌ನಲ್ಲಿ ಯು ಇದ್ದರೆ ಮೂಲ ಲೆಕ್ಕ 15 ವ್ಯಾಟ್. ಎಚ್ ಇದ್ದರೆ ಮಾಡೆಲ್ ನೋಡಿಕೊಂಡು 28 ಅಥವಾ 45. ಎಚ್‌ಎಕ್ಸ್ ಇದ್ದರೆ 55. ಎಎಂಡಿಯಲ್ಲಿ ಯು ಕಡಿಮೆ, ಎಚ್‌ಎಸ್ ಜಾಸ್ತಿ. ಇಷ್ಟೂ ಇಡೀ ಹೊತ್ತು ಎಳೆಯುತ್ತದೆ ಅಂತಲ್ಲ, ಯಾವ ಜಾತಿಯ ಚಿಪ್ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲಿ "ಅದೇ ರೇಟಿಗೆ ಎಚ್ ಪ್ರೊಸೆಸರ್ ಕೊಡ್ತೀನಿ, ಪವರ್‌ಫುಲ್" ಅಂತಾರೆ. ನಿಮ್ಮ ಕೆಲಸಕ್ಕೆ ಆ ಪವರ್ ಬೇಡ. ಬ್ಯಾಟರಿ 50ಕ್ಕಿಂತ ಕಡಿಮೆ ಇದ್ದರೆ ವಿಂಡೋಸ್ ಮಷಿನ್ ಮುಟ್ಟಲೇಬೇಡಿ. ನಿಮ್ಮ ಬಜೆಟ್‌ನಲ್ಲಿ ತೆಳ್ಳಗೆ ಚೆಂದ ಕಾಣುವ ಮಾಡೆಲ್‌ಗಳಲ್ಲಿ 42 ಹಾಕಿ ಕೊಡುವುದು ಬಹಳ.


ಧಾರವಾಡದ ಮೇಷ್ಟ್ರು

ನನ್ನ ಹತ್ತಿರ ಇರುವುದು ಆಪಲ್‌ನ ಎಂ1 ಮ್ಯಾಕ್‌ಬುಕ್ ಏರ್. 2020ರ ಕೊನೆಗೆ ಬಂದದ್ದು, ನಾನು ಮರುವರ್ಷ ತೆಗೆದುಕೊಂಡೆ. 1.29 ಕಿಲೋ. ಫ್ಯಾನೇ ಇಲ್ಲ, ಪರೀಕ್ಷಾ ಹಾಲ್‌ನಲ್ಲಿ ಕೂತು ಬರೆದರೂ ಸದ್ದಿಲ್ಲ. ಮೇಲೆ ಹೇಳಿದ ತೊಟ್ಟಿ–ನಲ್ಲಿ ಮಾತು ಇಲ್ಲಿ ಸರಿಯಾಗಿ ಕಾಣುತ್ತದೆ. ಇದರ ಬ್ಯಾಟರಿ ಬರೀ 49.9 ವ್ಯಾಟ್ ಅವರ್. ಹೊಸದರಲ್ಲಿ ಬರವಣಿಗೆ, ಬ್ರೌಸಿಂಗ್‌ಗೆ 12 ಗಂಟೆ ಬರುತ್ತಿತ್ತು. ಈಗ ಬ್ಯಾಟರಿಯ ಆರೋಗ್ಯ 84% ತೋರಿಸುತ್ತಿದೆ. ಆದರೂ 9 ಗಂಟೆಗೆ ಮೋಸವಿಲ್ಲ. ಬೆಳಗ್ಗೆ ಕಾಲೇಜಿಗೆ ಹೋಗುವಾಗ ಚಾರ್ಜರ್ ಒಯ್ಯುವ ಅಭ್ಯಾಸವೇ ಹೋಗಿದೆ.

ಆದರೆ ತಂಗಿ, ಒಂದು ಪ್ರಶ್ನೆ. ನಿನ್ನ ಪ್ರಕಾಶಕರು ಫೈಲ್ ಯಾವುದರಲ್ಲಿ ಕಳಿಸುತ್ತಾರೆ? ಯುನಿಕೋಡ್ (ಎಲ್ಲ ಕಂಪ್ಯೂಟರ್, ಫೋನಿಗೂ ಒಂದೇ ಆದ ಅಕ್ಷರ ಸಂಕೇತ) ಆದರೆ ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ, ಏನೂ ತೊಂದರೆ ಇಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ (ಯುನಿಕೋಡ್‌ಗಿಂತ ಮೊದಲಿನ) ಅಕ್ಷರದಲ್ಲಿ ಬಂದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ ಕಾಣುತ್ತದೆ. ಅದೇ ಫಾಂಟ್ ಹಾಕಿಕೊಂಡು ಓದಬಹುದು, ಪರಿವರ್ತಕದಲ್ಲಿ ಯುನಿಕೋಡ್ ಮಾಡಿಕೊಳ್ಳಬಹುದು. ಆದರೆ ಅವರಿಗೆ ಮತ್ತೆ ನುಡಿಯಲ್ಲೇ ವಾಪಸ್ ಕೊಡಬೇಕು ಅಂದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಒಮ್ಮೆ ಕಣ್ಣು ಹಾಯಿಸಲೇಬೇಕು. ನನಗೆ ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆಗಳ ಜೊತೆ ಈ ಗೋಳು ಇನ್ನೂ ಮುಗಿದಿಲ್ಲ.

ಇನ್ನೊಂದು. ಈಗ ಮ್ಯಾಕ್ ಕೊಳ್ಳುವುದಾದರೆ 8 ಜಿಬಿ ಬೇಡ, 16 ಇರುವುದನ್ನೇ ತೆಗೆದುಕೊ. ಆಮೇಲೆ ಮೆಮೊರಿ ಹೆಚ್ಚಿಸಲು ಬರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಪಲ್ ಏರ್ ಮಾಡೆಲ್‌ಗಳಿಗೆ ಕನಿಷ್ಠ 16 ಜಿಬಿ ಮಾಡಿತು. ಹಳೇ ಸ್ಟಾಕಿನ 8 ಜಿಬಿಯನ್ನು ಭಾರಿ ಆಫರ್ ಅಂತ ಮಾರಿದರೆ ಎಚ್ಚರ.


ತೋಟದಮನೆ

ಮೇಷ್ಟ್ರೇ, ಕರೆಕ್ಟಾಗಿ ಹಿಡಿದಿರಿ. ಇಬ್ಬರು ಪ್ರಕಾಶಕರು ಇನ್ನೂ ನುಡಿಯಲ್ಲೇ ಕಳಿಸುತ್ತಾರೆ, ವಾಪಸ್ಸೂ ಹಾಗೇ ಬೇಕು. ಹಾಗಾದರೆ ವಿಂಡೋಸೇ ಗತಿ ಅನ್ನಿಸುತ್ತದೆ.


ವೈಟ್‌ಫೀಲ್ಡ್ ವಾಸಿ

ವಿಂಡೋಸ್ ಅಂದರೆ ಇಂಟೆಲ್, ಎಎಂಡಿ ಎರಡೇ ಅಲ್ಲ. ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಿಂದ ಬರುತ್ತಿವೆ. ಅದು ಫೋನ್ ಚಿಪ್‌ನ ವಂಶದ್ದು, ಆರ್ಮ್ ಅಂತಾರೆ. ನಾನು ಬಳಸುವುದು ಅದನ್ನೇ. ಬ್ಯಾಟರಿ ವಿಷಯದಲ್ಲಿ ನಿಜಕ್ಕೂ ಚೆನ್ನಾಗಿದೆ. ಶುಕ್ರವಾರ ಮುಚ್ಚಿಟ್ಟು ಸೋಮವಾರ ತೆರೆದರೆ ಎರಡು ಮೂರು ಪರ್ಸೆಂಟ್ ಇಳಿದಿರುತ್ತದೆ ಅಷ್ಟೇ. ಮೊದಲಿನ ಆಫೀಸ್ ಲ್ಯಾಪ್‌ಟಾಪ್ ಆಗಿದ್ದರೆ ಸೋಮವಾರಕ್ಕೆ ಸತ್ತೇ ಹೋಗಿರುತ್ತಿತ್ತು.

ತೊಡಕು ಅಂದರೆ, ಇಂಟೆಲ್‌ಗೆ ಅಂತ ಬರೆದ ಹಳೇ ಪ್ರೋಗ್ರಾಂಗಳನ್ನು ಇದು ಒಳಗೊಳಗೇ ಭಾಷಾಂತರ ಮಾಡಿಕೊಂಡು ಓಡಿಸುತ್ತದೆ. ನಿಮ್ಮದೂ ಅದೇ ಕಸುಬಲ್ವಾ, ಎಷ್ಟು ಶ್ರಮ ಅಂತ ಗೊತ್ತು! ಬಹುತೇಕ ಓಡುತ್ತವೆ. ಆದರೆ ಡ್ರೈವರ್‌ಗಳಿಗೆ, ಅಂದರೆ ಪ್ರಿಂಟರ್‌ನಂಥ ಸಾಧನ ನಡೆಸುವ ಪ್ರೋಗ್ರಾಂಗಳಿಗೆ, ಈ ಉಪಾಯ ನಡೆಯುವುದಿಲ್ಲ. ನಮ್ಮ ಮನೆಯ ಹತ್ತು ವರ್ಷದ ಪ್ರಿಂಟರ್‌ನ ಸ್ಕ್ಯಾನರ್ ಇದರಲ್ಲಿ ಕೆಲಸ ಮಾಡಲೇ ಇಲ್ಲ. ನುಡಿಯ ನಿಮ್ಮ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯ ಡೆಮೊ ಪೀಸಿನಲ್ಲಿ ಹಾಕಿ ಟೈಪ್ ಮಾಡಿ ನೋಡಿ. ಅವರು ಒಪ್ಪದಿದ್ದರೆ ಇದನ್ನು ಬಿಟ್ಟುಬಿಡಿ.


ಎಸ್‌ಪಿ ರೋಡ್ ಹುಚ್ಚ

70 ಸಾವಿರ ಯಾಕಕ್ಕ? ಲೆನೊವೊದ ಥಿಂಕ್‌ಪ್ಯಾಡ್ ಟಿ480 ನೋಡಿ. 2018ರದ್ದು. ಕಂಪನಿಗಳು ಬಳಸಿ ಬಿಟ್ಟದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ರಾಶಿ ಬೀಳುತ್ತದೆ. ನಾನು 21 ಸಾವಿರ ಕೊಟ್ಟೆ. ಒಳಗೊಂದು 24 ವ್ಯಾಟ್ ಅವರ್ ಬ್ಯಾಟರಿ, ಹಿಂದೆ ಕೈಯಲ್ಲೇ ಬಿಚ್ಚುವ ಇನ್ನೊಂದು. ಆ ಹಿಂದಿನದು 72ರವರೆಗೆ ಸಿಗುತ್ತದೆ. ಲ್ಯಾಪ್‌ಟಾಪ್ ಓಡುತ್ತಿರುವಾಗಲೇ ಖಾಲಿಯಾದದ್ದನ್ನು ತೆಗೆದು ತುಂಬಿದ್ದನ್ನು ಸಿಕ್ಕಿಸಬಹುದು, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. ಒಳಗಿನ ಚಿಕ್ಕದು ಅಷ್ಟರವರೆಗೆ ಹಿಡಿದಿಡುತ್ತದೆ. ಎರಡು ದೊಡ್ಡ ಬ್ಯಾಟರಿ ಇಟ್ಟುಕೊಂಡರೆ ಇಡೀ ದಿನ ನಿಶ್ಚಿಂತೆ.

ಕೊಳ್ಳುವಾಗ ಒಂದು ಕೆಲಸ ಮಾಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಸ್ಲ್ಯಾಷ್, ಅದಕ್ಕೆ ಅಂಟಿಸಿ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ ಒತ್ತಿ. ಒಂದು ಪುಟ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂತ ಎರಡು ಸಂಖ್ಯೆ. ಮೊದಲನೆಯದು ಹುಟ್ಟಿದಾಗಿನ ತೂಕ, ಎರಡನೆಯದು ಇವತ್ತಿನ ತೂಕ. ನನಗೆ ಒಬ್ಬರು "ಬ್ಯಾಟರಿ ಹೊಸದು ಹಾಕಿದೀವಿ ಸರ್" ಅಂತ ಕೊಟ್ಟದ್ದು ಅರ್ಧಕ್ಕೆ ಇಳಿದಿತ್ತು. ಪುಟ ತೋರಿಸಿದ ಮೇಲೆ ಮಾತಿಲ್ಲದೆ ಬದಲಾಯಿಸಿದರು.

ಟಿ470 ಕಡಿಮೆಗೆ ಸಿಗುತ್ತದೆ ಅಂತ ಮಾತ್ರ ತೆಗೆದುಕೊಳ್ಳಬೇಡಿ. ಅದರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿ480ರ ಎಂಟನೇ ತಲೆಮಾರಿನದು ಪಟ್ಟಿಯಲ್ಲಿದೆ.


ಸ್ಕ್ರೂಡ್ರೈವರ್

ತಮ್ಮಾ, ಟಿ480 ನನಗೂ ಇಷ್ಟ. ಆದರೆ ಮೇಡಂಗೆ ಹಗುರ ಬೇಕು. ದೊಡ್ಡ ಬ್ಯಾಟರಿ ಹಾಕಿ, ಜೊತೆಗೆ ಇನ್ನೊಂದನ್ನು ಬ್ಯಾಗಿಗೆ ಹಾಕಿದರೆ ಹಗುರ ಎಲ್ಲಿ ಉಳಿಯಿತು? ಈಗ ಒರಿಜಿನಲ್ ಬ್ಯಾಟರಿ ಸಿಗುವುದೂ ಕಷ್ಟ. ಡೂಪ್ಲಿಕೇಟ್ ಹಾಕಿಸಿಕೊಂಡವರು ಆರೇ ತಿಂಗಳಿಗೆ ನನ್ನ ಟೇಬಲ್ ಮುಂದೆ ನಿಂತಿರುತ್ತಾರೆ.

ಮೇಡಂ, ನಿಮಗೆ ಸರಿಹೋಗುವುದು ಇಂಟೆಲ್‌ನ ವಿ ಅಕ್ಷರದ ಚಿಪ್. 2024ರ ಸೆಪ್ಟೆಂಬರ್‌ನಲ್ಲಿ ಬಂದ ಲೂನಾರ್ ಲೇಕ್ ಅನ್ನುವ ಸಾಲು. ಆರ್ಮ್‌ಗೆ ಪೈಪೋಟಿ ಕೊಡಬೇಕು ಅಂತಲೇ ಮಾಡಿದ್ದು, ಹಳೇ ಸಾಫ್ಟ್‌ವೇರ್ ಭಯವೂ ಇಲ್ಲ. ಹೆಸರಲ್ಲಿ ಮೋಸ ಹೋಗಬೇಡಿ. ಕೋರ್ ಅಲ್ಟ್ರಾ 5 225ಯು, 225ಎಚ್, 226ವಿ ಮೂರೂ ಅಕ್ಕಪಕ್ಕ ಇಟ್ಟಿರುತ್ತಾರೆ. ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಒಳಗೆ ಬೇರೆ ಬೇರೆ. ವಿ ಚಿಪ್ಪಿನಲ್ಲಿ ಮೆಮೊರಿ ಅದರ ಜೊತೆಗೇ ಅಂಟಿರುತ್ತದೆ. ಸಂಖ್ಯೆ 6ರಲ್ಲಿ ಮುಗಿದರೆ 16 ಜಿಬಿ, 8ರಲ್ಲಿ ಮುಗಿದರೆ 32. ಆಮೇಲೆ ಯಾರ ಕೈಯಲ್ಲೂ ಹೆಚ್ಚಿಸಲು ಆಗುವುದಿಲ್ಲ, ನನ್ನ ಕೈಯಲ್ಲೂ. 16 ನಿಮಗೆ ಸಾಕು.

ಬೆಲೆ ನಿಮ್ಮ ಬಜೆಟ್‌ಗಿಂತ ಸ್ವಲ್ಪ ಮೇಲೆ ಹೋಗಬಹುದು. ದಸರಾ ಸೇಲ್ ತನಕ ಕಾಯಿರಿ. ಕಾಯಲು ಆಗದಿದ್ದರೆ ಎಎಂಡಿ ರೈಜೆನ್ ಯು ಇರುವುದು, 55ಕ್ಕಿಂತ ಹೆಚ್ಚು ವ್ಯಾಟ್ ಅವರ್. ಪರದೆ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವುದು) ಇದ್ದರೆ 60ಕ್ಕೆ ಇಳಿಸಿ. ಒಎಲ್‌ಇಡಿ ಪರದೆ ಸಿನಿಮಾಗೆ ಚೆಂದ. ಆದರೆ ಅದರಲ್ಲಿ ಬೆಳ್ಳಗಿನ ಪ್ರತಿಯೊಂದು ಚುಕ್ಕಿಯೂ ಉರಿಯುವ ದೀಪ. ದಿನವಿಡೀ ವರ್ಡಿನ ಬಿಳಿ ಪುಟ ನೋಡುವವರಿಗೆ ಸಾಮಾನ್ಯ ಐಪಿಎಸ್ ಪರದೆಯೇ ಲೇಸು.


ಕಾಫಿಹೂ (ಮಡಿಕೇರಿ)

ಚಿಪ್ ಬಗ್ಗೆ ನನಗೆ ಗೊತ್ತಿಲ್ಲ. ಮಳೆ, ಬಸ್ಸು ಎರಡೂ ಗೊತ್ತು. ಟೈಪ್ ಸಿ ಕಿಂಡಿಯಲ್ಲಿ ಚಾರ್ಜ್ ಆಗುವುದನ್ನೇ ತೆಗೆದುಕೊಳ್ಳಿ. ಆಗ ಪವರ್‌ಬ್ಯಾಂಕ್ ಕೆಲಸಕ್ಕೆ ಬರುತ್ತದೆ. 20,000 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್ ಅವರ್. ದಾರಿಯಲ್ಲಿ ಸೋರಿ ಹೋಗುವುದನ್ನು ಕಳೆದರೂ 60ರ ಹತ್ತಿರ ಲ್ಯಾಪ್‌ಟಾಪ್‌ಗೆ ಸೇರುತ್ತದೆ. ಅಂದರೆ ಇನ್ನೊಂದು ಬ್ಯಾಟರಿ ಇದ್ದ ಹಾಗೇ. ಆದರೆ ಪವರ್‌ಬ್ಯಾಂಕ್ 45 ಅಥವಾ 65 ವ್ಯಾಟ್ ಕೊಡುವುದಾಗಿರಬೇಕು. ಫೋನಿನದ್ದನ್ನು ಸಿಕ್ಕಿಸಿ "ಚಾರ್ಜೇ ಆಗ್ತಿಲ್ಲ" ಅಂತ ನಾನೂ ಒಮ್ಮೆ ಅಂಗಡಿಯವರ ಮೇಲೆ ರೇಗಿದ್ದೆ. ತಪ್ಪು ನಂದೇ.

ಮುಚ್ಚಳ ಮುಚ್ಚಿದ ಕೂಡಲೇ ಮಲಗಿತು ಅಂತ ನಂಬಿ ಬ್ಯಾಗಿಗೆ ಹಾಕಬೇಡಿ. ವಿಂಡೋಸ್ ಲ್ಯಾಪ್‌ಟಾಪ್ ನಿದ್ದೆಯಲ್ಲೂ ಎದ್ದು ಅಪ್‌ಡೇಟ್ ಹುಡುಕುತ್ತದೆ. ಮೈಸೂರಿಗೆ ಇಳಿಯುವಾಗ ನನ್ನ ಬ್ಯಾಗ್ ಬಿಸಿ ರೊಟ್ಟಿ ಡಬ್ಬಿಯ ಹಾಗಿತ್ತು, ಬ್ಯಾಟರಿ ಸೊನ್ನೆ. ಸೆಟ್ಟಿಂಗ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ (ತೆರೆದ ಕೆಲಸ ಉಳಿಸಿಕೊಂಡು ಪೂರ್ತಿ ಆಫ್ ಆಗುವುದು) ಅಂತ ಮಾಡಿಕೊಂಡೆ. ತೆರೆಯಲು ಅರ್ಧ ನಿಮಿಷ ಜಾಸ್ತಿ, ಅಷ್ಟೇ.

ಮನೆಯಲ್ಲಿ ಸದಾ ಚಾರ್ಜಿಗೆ ಹಾಕಿಡುವವರಾದರೆ 80%ಗೆ ನಿಲ್ಲಿಸುವ ಆಯ್ಕೆ ಇದೆಯಾ ನೋಡಿ. ನನ್ನ ಹಳೆಯದರಲ್ಲಿ ಅದು ಇರಲಿಲ್ಲ. ಮೂರನೇ ವರ್ಷ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿತು. ಹಾಗಾದರೆ ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜ್ ತೆಗೆದು ಸೀದಾ ರಿಪೇರಿಗೆ ಒಯ್ಯಿರಿ.


ತೋಟದಮನೆ

ನೀವೆಲ್ಲ ಇಷ್ಟು ಬರೆದಿದ್ದೀರಿ, ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ. ಹಳೆಯದರಲ್ಲಿ ಆ ಬ್ಯಾಟರಿ ರಿಪೋರ್ಟ್ ತೆಗೆದೆ. ಹುಟ್ಟಿದಾಗ 57, ಈಗ 29. ತಮ್ಮನಿಗೆ ಕಳಿಸಿದೆ, ಅವನು ಥಂಬ್ಸ್ ಅಪ್ ಹಾಕಿ ಸುಮ್ಮನಾದ.

ದಸರಾ ತನಕ ಕಾದು 226ವಿ ಇರುವ 14 ಇಂಚಿನದು ತಗೊಂಡೆ. 1.3 ಕಿಲೋ, 70 ವ್ಯಾಟ್ ಅವರ್, ಐಪಿಎಸ್ ಪರದೆ. ಬಜೆಟ್‌ಗಿಂತ 4 ಸಾವಿರ ಜಾಸ್ತಿ ಆಯಿತು. ನುಡಿ ಓಡುತ್ತಿದೆ. ಅಂಗಡಿಯವರು ಮೂರು ವರ್ಷದ ವಾರಂಟಿ ಅಂದರು. ಕಾಗದ ಓದಿದರೆ ಬ್ಯಾಟರಿಗೆ ಮಾತ್ರ ಒಂದೇ ವರ್ಷ ಅಂತಿತ್ತು. ಮುಂದೆ ಕೊಳ್ಳುವವರು ಇದನ್ನು ಕೇಳಿಕೊಳ್ಳಿ.

ಕಳೆದ ವಾರ ಅಕಾಲ ಮಳೆಗೆ ಬೆಳಗ್ಗೆ ಎಂಟಕ್ಕೇ ಕರೆಂಟ್ ಹೋಯಿತು. ಖುಷಿಯಾಯಿತು ಅಂದರೆ ನಂಬುತ್ತೀರಾ? ಒಂದು ಗಂಟೆಯ ಮೀಟಿಂಗ್ ಒಂದೇ 18% ನುಂಗಿತು. ಬರೀ ವರ್ಡ್ ಇದ್ದಾಗ ಗಂಟೆಗೆ ಏಳೆಂಟು. ಮಧ್ಯಾಹ್ನ ಎರಡಕ್ಕೆ ಇನ್ನೂ 43% ಇತ್ತು. ಫೈಲ್ ಕಳಿಸೋಣ ಅಂತ ನೋಡಿದರೆ ನೆಟ್ ಇಲ್ಲ. ಇನ್ವರ್ಟರ್ ಟಿವಿಗೆ ದುಡಿದು ಸತ್ತಿತ್ತು, ರೂಟರೂ ಅದರ ಜೊತೆಗೇ ಹೋಯಿತು. ಫೋನ್ ಹಿಡಿದು ಅಂಗಳಕ್ಕೆ ಓಡಿದೆ. ಟವರಿನ ಬ್ಯಾಟರಿಯೂ ಖಾಲಿ.


ಸ್ಕ್ರೂಡ್ರೈವರ್

ಮೇಡಂ, ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಸಾವಿರ ಚಿಲ್ಲರೆ, ಮೂರು ನಾಲ್ಕು ಗಂಟೆ ತಳ್ಳುತ್ತದೆ. ಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಲೇ ಇದೆಯಾ ನೋಡಿಕೊಳ್ಳಿ. ಟವರ್ ಮಾತ್ರ ನಮ್ಮ ಅಂಗಡಿಯಲ್ಲಿ ರಿಪೇರಿ ಆಗಲ್ಲ.