ಪದಚರ್ಚೆ: ಪದಕಾರ್ಡಿನ ಮೇಲೆ ‘ಡೆಫಿನಿಷನ್’ಗೆ ಏನು ಬರೆಯೋದು? (ತುರ್ತು)

ಎಲ್ಲರಿಗೂ ನಮಸ್ಕಾರ.

ಕನ್ನಡ ಬಲ್ಲ ಮಕ್ಕಳು ಇಂಗ್ಲಿಷ್ ಪದ ಕಲಿಯಲಿ ಅಂತ ಕಾರ್ಡುಗಳನ್ನು ಮಾಡುತ್ತಿದ್ದೇವೆ. ಒಂದು ಕಾರ್ಡಿಗೆ ಒಂದು ಪದ, ಕೆಳಗೆ ಎರಡು ಖಾನೆ: ಡೆಫಿನಿಷನ್, ಎಕ್ಸಾಂಪಲ್ ಸೆಂಟೆನ್ಸ್. ಖಾನೆಗಳಿಗೆ ಕನ್ನಡದಲ್ಲಿ ತಲೆಬರಹ ಬೇಕು. ‘ವ್ಯಾಖ್ಯಾನ’, ‘ಉದಾಹರಣಾ ವಾಕ್ಯ’ ಅಂತ ಹಾಕಿದ್ದೆ, ಯಾಕೋ ಭಾರ ಅನ್ನಿಸುತ್ತಿದೆ. ಜಾಗವೂ ಕಮ್ಮಿ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು.

ಇನ್ನೊಂದು. ‘ಇವೆಂಚುವಲಿ’ಗೆ ‘ಕೊನೆಗೆ’ ಎಂದು ಬರೆದಿದ್ದೇನೆ. ಸರಿ ಅಲ್ವಾ?

---

‘ವ್ಯಾಖ್ಯಾನ’ ಬೇಡವೇ ಬೇಡ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಅದು ಎರಡು ಗಂಟೆಯ ಕೆಲಸ, ಎರಡು ಸಾಲಿನದಲ್ಲ. ಯಾರಾದರೂ ‘ಪರಿಭಾಷೆ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಡೆಫಿನಿಷನ್ ಅನ್ನುವ ಅರ್ಥ ಅದಕ್ಕೆ ಹಿಂದಿಯಲ್ಲಿದೆ, ನಮ್ಮಲ್ಲಿಲ್ಲ. ‘ವ್ಯಾಖ್ಯೆ’ ಹಾಕಿ, ಮುಗಿಸಿ.

---

ಮೂಲ ನೋಡದೆ ಪದ ಕಟ್ಟಬಾರದು. ಲ್ಯಾಟಿನ್ನಿನ ‘ಫೀನಿಸ್’ ಅಂದರೆ ಎಲ್ಲೆ, ಕೊನೆ. ‘ಫಿನಿಶ್’, ‘ಫೈನಲ್’, ‘ಕನ್‌ಫೈನ್’ ಎಲ್ಲ ಅದರ ಮಕ್ಕಳೇ. ಡೆಫಿನಿಷನ್ ಅಂದರೆ ಪದಕ್ಕೆ ಎಲ್ಲೆ ಹಾಕುವುದು. ಹಾಗಾಗಿ ‘ಎಲ್ಲೆಕಟ್ಟು’. ಎಕ್ಸಾಂಪಲ್‌ಗೆ ‘ಎತ್ತುಗೆ’ ಆಗಲೇ ಬಳಕೆಯಲ್ಲಿದೆ, ಸೆಂಟೆನ್ಸ್‌ಗೆ ‘ಸೊಲ್ಲು’. ‘ಎತ್ತುಗೆಸೊಲ್ಲು’ ಅನ್ನಿ. ಸಂಸ್ಕೃತದ ಹಂಗು ಯಾಕೆ?

---

> ಎಲ್ಲೆಕಟ್ಟು

ಇಂಗ್ಲಿಷ್ ಪದ ಕಲಿಯುವ ಮೊದಲು ಮಕ್ಕಳಿಗೆ ನಿಮ್ಮ ಕನ್ನಡ ಪದಕ್ಕೇ ಒಂದು ಕಾರ್ಡು ಬೇಕಾಗುತ್ತದೆ.

‘ಬಳಕೆ ವಾಕ್ಯ’ ಅಂತ ಹಾಕಿ ಮೇಡಂ. ಯಾರಿಗೂ ತೊಡಕಾಗಲ್ಲ.

---

> ಬಳಕೆ ವಾಕ್ಯ

ಅರಿಸಮಾಸ. ಕನ್ನಡಕ್ಕೂ ಸಂಸ್ಕೃತಕ್ಕೂ ಹೀಗೆ ಗಂಟು ಹಾಕಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಎಂದು 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿದೆ. 13ನೇ ಶತಮಾನದಲ್ಲಿ ಕೇಶಿರಾಜನೂ ಹೇಳಿದ. ಇನ್ನೂ ಯಾರು ಬಂದು ಹೇಳಬೇಕು?

---

‘ಕಟ್ಟಾಜ್ಞೆ’ ಯಾವ ಸಮಾಸ ಸರ್? ‘ಬಸ್ ನಿಲ್ದಾಣ’? ಹಾಲು ಒಡೆದು ಎಷ್ಟೋ ಕಾಲವಾಯಿತು.

---

ಎಲ್ಲರೂ ತಲೆಬರಹದ ಮೇಲೇ ಕೂತಿದ್ದೀರಿ. ಅದರ ಕೆಳಗೆ ಏನು ಬರೆಯುತ್ತಾರೆ ಅಂತ ಯಾರೂ ಕೇಳಲಿಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ‘ನೆಟ್‌ವರ್ಕ್’ ಅನ್ನುವ ಸುಲಭದ ಪದವನ್ನು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’ ಅಂತೆಲ್ಲ ವಿವರಿಸಿದ. ಓದಿದವರಿಗೆ ಗೊತ್ತಿದ್ದ ಪದವೂ ಮರೆಯಬೇಕು. ಕಲಿಯುವವರಿಗೆ ಇದು ಒಗ್ಗಲ್ಲ ಅಂತ ಕಂಡುಕೊಂಡವರಲ್ಲಿ ಮೈಕೆಲ್ ವೆಸ್ಟ್ ಮುಖ್ಯ. ಬಂಗಾಳದಲ್ಲಿ ಇಂಗ್ಲಿಷ್ ಕಲಿಸಿದವರು. ಅವರ 1935ರ ನಿಘಂಟಿನ ವಿವರಣೆಗಳೆಲ್ಲ 1,490 ಪದಗಳೊಳಗೇ ಮುಗಿಯುತ್ತವೆ. 1978ರ ಲಾಂಗ್‌ಮನ್ ನಿಘಂಟು ವಿವರಣೆಗೆ ಸುಮಾರು 2,000 ಪದಗಳನ್ನು ಇಟ್ಟುಕೊಂಡಿತು. 1987ರ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ, ವಿವರಣೆಯನ್ನೇ ಪೂರ್ತಿ ವಾಕ್ಯ ಮಾಡಿತು. ನೀವು ಹೀಗೆ ಮಾಡಿದರೆ ಹೀಗಾಗುತ್ತದೆ, ಅನ್ನುವ ಧಾಟಿ. ಮೇಡಂ, ನಿಮ್ಮ ಕಾರ್ಡಿಗೆ ಈ ಧಾಟಿ ಚೆನ್ನಾಗಿ ಹೊಂದುತ್ತದೆ.

ವಾಕ್ಯದ ಖಾನೆಗೆ ಜಾಸ್ತಿ ಜಾಗ ಕೊಡಿ. ‘ಡಿಸ್ಕಸ್’ಗೆ ‘ಚರ್ಚಿಸು’ ಅಂತ ಬರೆದು ಬಿಟ್ಟರೆ, ಮಕ್ಕಳು ‘ವಿ ಡಿಸ್ಕಸ್ಡ್ ಅಬೌಟ್ ದಿ ಪ್ಲಾನ್’ ಅನ್ನುತ್ತಾರೆ. ತಪ್ಪು ಅವರದಲ್ಲ. ಕನ್ನಡದಲ್ಲಿ ಯೋಜನೆಯ ‘ಬಗ್ಗೆ’ ಚರ್ಚಿಸುತ್ತೇವಲ್ಲ, ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಒಳಗೆ ಬಂದಿರುತ್ತದೆ. ‘ವಿ ಡಿಸ್ಕಸ್ಡ್ ದಿ ಪ್ಲಾನ್’ ಅನ್ನುವ ಒಂದು ವಾಕ್ಯ ಇದ್ದರೆ ಸಾಕು. ‘ಮ್ಯಾರಿ’ ಮುಂದೆ ‘ವಿತ್’ ಸೇರುವುದೂ ಹೀಗೇ, ನಮ್ಮ ‘ಜೊತೆ’ಯಿಂದ. ‘ಬಾರೋ’, ‘ಲೆಂಡ್’ ಎರಡನ್ನೂ ಒಂದೇ ಕಾರ್ಡಿನಲ್ಲಿ ಹಾಕಿ. ನಮಗೆ ‘ಎರವಲು’ ಒಂದೇ, ತರುವುದೋ ಕೊಡುವುದೋ ಅನ್ನುವುದು ಕ್ರಿಯಾಪದದಲ್ಲಿದೆ. ಅವರಿಗೆ ಪದವೇ ಬೇರೆ.

ಇನ್ನು ‘ಇವೆಂಚುವಲಿ’. ‘ಕೊನೆಗೆ’ ಅಂದರೆ ಭಾಷಣದ ಕೊನೆಯ ಮಾತಿಗೂ ಆಗುತ್ತದೆ, ಅಲ್ಲಿ ‘ಇವೆಂಚುವಲಿ’ ಬರಲ್ಲ. ‘ಕೊನೆಗೂ’ ಅಂದರೆ ಹತ್ತಿರ ಬಂತು, ಆದರೆ ಅದರಲ್ಲಿ ಅಬ್ಬಾ ಅನ್ನುವ ನಿಟ್ಟುಸಿರು ಇದೆ. ‘ಶಿ ವಿಲ್ ಇವೆಂಚುವಲಿ ಲರ್ನ್’ ಅಂದರೆ ಕಲಿತೇ ಕಲಿಯುತ್ತಾಳೆ, ಸ್ವಲ್ಪ ಹೊತ್ತು ಹಿಡಿಯಬಹುದು ಅಷ್ಟೆ. ಇಲ್ಲಿ ‘ಒಂದಲ್ಲ ಒಂದು ದಿನ’ ಸರಿಹೋಗುತ್ತದೆ. ಆಗಿಹೋದ ಸಂಗತಿಗೆ ‘ಬಹಳ ಹೊತ್ತಾದ ಮೇಲೆ’. ಎರಡೂ ಬರೆಯಿರಿ, ಎರಡು ವಾಕ್ಯ ಕೊಡಿ. ‘ಕ್ರಮೇಣ’ ಮಾತ್ರ ಬೇಡ, ಅದು ‘ಗ್ರಾಜುವಲಿ’.

ತಲೆಬರಹಕ್ಕೆ ‘ಅರ್ಥ’, ‘ಬಳಕೆ’. ಸುಮ್ನೆ ಹಿಂಜಬೇಡಿ.

---

ವಿವರಣೆ ಚೆನ್ನಾಗಿದೆ, ‘ಅರ್ಥ’ ಒಪ್ಪಲಾರೆ. ಅರ್ಥ ಪದದೊಳಗೆ ಇರುವುದು, ಡೆಫಿನಿಷನ್ ನಾವು ಹಾಕುವ ಎಲ್ಲೆ. ಎರಡೂ ಒಂದಲ್ಲ. ಪರಭಾಷೆಯಿಂದ ತಂದು ತಂದು ನಮ್ಮ ಬೇರುಗಳಿಂದ ಕಟ್ಟುವುದನ್ನೇ ಮರೆತಿದ್ದೇವೆ. ಪ್ರಶ್ನೆಯಲ್ಲೇ ನೋಡಿ, ‘ಕಾರ್ಡು’ ಇಂಗ್ಲಿಷಿನದು, ‘ಖಾನೆ’ ಪಾರ್ಸಿಯದು.

---

‘ಕಾಗದ’ವೂ ಪಾರ್ಸಿಯಿಂದ ಬಂದದ್ದೇ. ಯಾವುದರ ಮೇಲೆ ಅಚ್ಚು ಹಾಕಬೇಕು ಅಂತಲೂ ಹೇಳಿಬಿಡಿ.

---

ಎಲ್ಲರಿಗೂ ಧನ್ಯವಾದ. ‘ಅರ್ಥ’, ‘ಬಳಕೆ’ ಅಂತಲೇ ಕಳಿಸಿದೆ. ‘ಇವೆಂಚುವಲಿ’ಗೆ ಎರಡು ವಾಕ್ಯ ಹಾಕಿದ್ದೇನೆ, ‘ಡಿಸ್ಕಸ್’ ಕಾರ್ಡನ್ನೂ ತಿದ್ದಿದೆ. ಡಬ್ಬಿಯ ಮೇಲೆ ‘ವೊಕ್ಯಾಬುಲರಿ’ಗೆ ಏನು ಹಾಕಲಿ ಅನ್ನುವುದನ್ನು ಬೇರೆ ಪತ್ರದಲ್ಲಿ ಕೇಳುತ್ತೇನೆ. ಅದಕ್ಕೆ ಇನ್ನೂ ಒಂದು ವಾರ ಇದೆ.

---

‘ಅರ್ಥ’ ಸಂಸ್ಕೃತ, ‘ಬಳಕೆ’ ಕನ್ನಡ. ಬೇರೆ ಬೇರೆ ಖಾನೆಯಲ್ಲಿ ಇರೋದರಿಂದ ನನ್ನ ಅಡ್ಡಿಯಿಲ್ಲ. ನಡುವಿನ ಗೆರೆ ಮಾತ್ರ ಅಳಿಸಬೇಡಿ.