ಫ್ಲಾಪಿ ಓದುವ ಡ್ರೈವ್ ಯಾರಲ್ಲಾದರೂ ಉಂಟಾ? (ಉಡುಪಿ / ಮಂಗಳೂರು)

ಎಲ್ಲರಿಗೂ ನಮಸ್ಕಾರ. ಯುಎಸ್‌ಬಿಗೆ ಸಿಕ್ಕಿಸುವ ಮೂರೂವರೆ ಇಂಚಿನ ಫ್ಲಾಪಿ ಡ್ರೈವ್ ಒಂದು ದಿನದ ಮಟ್ಟಿಗೆ ಬೇಕಿತ್ತು. ಮಣಿಪಾಲ, ಸುರತ್ಕಲ್, ಹಂಪನಕಟ್ಟೆ, ಎಲ್ಲಿದ್ದರೂ ನಾನೇ ಬರ್ತೇನೆ.

ಮಾವನ ಕಪಾಟಿನಲ್ಲಿ 1991ರ ‘ಮಂಕಿ ಐಲ್ಯಾಂಡ್ 2’ ಕಂಪ್ಯೂಟರ್ ಗೇಮಿನ ಫ್ಲಾಪಿಗಳು ಸಿಕ್ಕಿವೆ. 2010ರಲ್ಲಿ ಹೊಸ ಚಿತ್ರ, ಧ್ವನಿ ಸೇರಿಸಿ ಬಂದ ಆವೃತ್ತಿ ನಾನು ಆಡಿದ್ದೇನೆ, ಚೆನ್ನಾಗಿಯೇ ಉಂಟು. ಆದರೆ ಮಾವ ಅರ್ಧಕ್ಕೆ ಬಿಟ್ಟ ಸೇವ್ ಫೈಲ್ ಇರುವುದು ಈ ಫ್ಲಾಪಿಗಳಲ್ಲಿ. ಅವರಿಗೆ ಅಲ್ಲಿಂದಲೇ ಮುಂದುವರಿಸಬೇಕಂತೆ. ಹಠ ಅಂದರೆ ಹಠ ಮಾರ್ರೆ!

64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್‌ನ ಇಂಥ ಗೇಮ್ ನೇರವಾಗಿ ಓಡುವುದಿಲ್ಲ. ಹಳೇ ಗೇಮ್ ಆಡಿಸುವ ಸ್ಕಮ್‌ವಿಎಂ ಎಂಬ ಸಾಫ್ಟ್‌ವೇರ್‌ಗೆ ಗೇಮಿನ ಡೇಟಾ ಫೈಲ್ ಕೊಟ್ಟರೆ ಸಾಕು, ಇಂಜಿನ್ ಅದರದ್ದೇ. ಆದರೆ ಡಾಸ್‌ನಲ್ಲಿ ಮಾಡಿದ ಹಳೇ ಸೇವ್ ಅದಕ್ಕೆ ಆಗುವುದಿಲ್ಲ. ಹಾಗಾಗಿ ಡಾಸನ್ನೇ ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಮೂಲ ಗೇಮನ್ನೇ ಓಡಿಸುವ ಅಂದಾಜು.

ಎರಡು ಫ್ಲಾಪಿಯ ಶಟರ್ ಸರಿಸಿದರೆ ಒಳಗೆ ಬಿಳಿ ಬೂಸ್ಟು ಕಾಣ್ತದೆ, ನಮ್ಮ ಮಳೆಗಾಲದ ಪ್ರಸಾದ. ಹಾಗೇ ಹಾಕಿದರೆ ನಿಮ್ಮ ಡ್ರೈವಿನ ಹೆಡ್ (ಫ್ಲಾಪಿ ಓದುವ ಭಾಗ) ಹಾಳಾದೀತು ಎಂಬ ಹೆದರಿಕೆ ನನಗೂ ಉಂಟು, ಒರೆಸದೆ ಹಾಕುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಡೇಟಾ ಉಳಿಸಿಕೊಂಡವರಿದ್ದರೆ ಹೇಗೆಂದು ಹೇಳಿ. ‘ಬಿಸಾಡಿ’ ಎಂಬ ಸಲಹೆ ಅಂಗಡಿಯಲ್ಲಿ ಆಗಲೇ ಸಿಕ್ಕಿದೆ.